ಗೇಟಿನ ಕಡೆ ತಿರುಗಿದವಳು

ಗೇಟಿನ ಮನೆ
ಮೇ 14, ಗುರುವಾರ

ಮೊಂಡನಿಗೆ,

ಅಕ್ಕನ ಆಶೀರ್ವಾದ. ನಿನ್ನ ಕಾಗದ ಬಂದು ಐದು ತಿಂಗಳಾಯಿತು. ತಡವಾಯಿತು, ತಪ್ಪು ನನ್ನದೇ. ಕೆಲಸ ಜಾಸ್ತಿ ಇತ್ತು ಅಂತ ಬರೆಯಬಹುದಿತ್ತು, ಆದರೆ ಐದು ತಿಂಗಳು ಉಸಿರಾಡಲೂ ಬಿಡದಷ್ಟು ಕೆಲಸ ಯಾರಿಗೂ ಇರುವುದಿಲ್ಲ. ನಾಲ್ಕು ಸಲ ಶುರು ಮಾಡಿದೆ, ನಾಲ್ಕು ಸಲವೂ ಹರಿದು ಒಲೆಗೆ ಹಾಕಿದೆ. ಐದನೇ ಕ್ಲಾಸಿಗೇ ಶಾಲೆ ಬಿಟ್ಟವಳ ಅಕ್ಷರ, ಕೋಳಿ ಕೆದರಿದ ಹಾಗಿದೆ. ನಗಬೇಡ.

ಇಲ್ಲಿ ಎಲ್ಲರೂ ಕ್ಷೇಮ ಅಂತ ಬರೆಯುವುದು ವಾಡಿಕೆ. ಎಲ್ಲರೂ ಅಂದರೆ ನಾನೊಬ್ಬಳೇ. ಸೊಂಟ ಹಿಡಿದುಕೊಂಡಿದೆ, ಬಲಗಿವಿ ಮಂದ, ಸಿಟ್ಟು ಮಾತ್ರ ಗಟ್ಟಿಮುಟ್ಟಾಗಿದೆ.

ನಿನ್ನ ಕೈ ನಡುಗುತ್ತದೆ, ಉಳಿ ಹಿಡಿಯುವುದು ಬಿಟ್ಟೆ ಅಂತ ಬರೆದಿದ್ದೀಯ. ಡಾಕ್ಟರಿಗೆ ತೋರಿಸು, ತಾನಾಗಿ ಹೋಗುತ್ತೆ ಅಂತ ಕೂರಬೇಡ. ಕೊನೆಯಲ್ಲಿ ಒಂದು ಮಾತು ಕೇಳಿದ್ದೀಯ: "ಅಕ್ಕಾ, ಅಮ್ಮ ಕೊನೆಗೆ ನಿಜವಾಗ್ಲೂ ಏನಂದ್ಲು? ನನ್ನ ಒಂದ್ಸಲಾನೂ ಕೇಳ್ಲಿಲ್ವಾ?" ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಅಮ್ಮನ ಕಲ್ಲಿನ ಮೂರ್ತಿಯ ಸಮಾಚಾರ. ನೀನೇ ಕೆತ್ತಿ ಲಾರಿಗೆ ಹಾಕಿ ಕಳಿಸಿ, ಒಂಬತ್ತು ವರ್ಷದಲ್ಲಿ ಒಮ್ಮೆಯೂ ಬಂದು ನೋಡದ ಕಲ್ಲು.

ಈ ತಿಂಗಳು ನಮ್ಮ ಕಾಡುತೋಟ ಹೇಗಿರುತ್ತದೆ ಅಂತ ನಿನಗೆ ಹೇಳಬೇಕಾಗಿಲ್ಲ, ಇಲ್ಲೇ ಆಡಿ ಬೆಳೆದವನು. ವಾರದ ಹಿಂದೆ ಮರಗಳಲ್ಲಿ ಬರೀ ಚಿಗುರಿತ್ತು, ಆಕಾಶ ಕಾಣುತ್ತಿತ್ತು. ಈಗ ಬಾಗಿಲು ಹಾಕಿದ ಹಾಗೆ ಎಲೆ ಮುಚ್ಚಿಕೊಂಡಿದೆ. ಒಳಗೆ ಹೋದರೆ ಬೆಳಕೂ ಹಸಿರು, ಎದುರಿಗೆ ಬರುವವರ ಮುಖವೂ ಹಸಿರು. ಜನ ನೋಡಲು ಬರುವ ಹತ್ತೊಂಬತ್ತು ಶಿಲ್ಪಗಳಿಗೂ ನಾನೇ ವಸಂತದ ಸ್ನಾನ ಮಾಡಿಸಬೇಕು. ಕಂಚಿನವಕ್ಕೆ ಮೇಣ, ಕಲ್ಲಿನವಕ್ಕೆ ಬರೀ ನೀರು ಮತ್ತು ಮೆತ್ತನೆ ಬ್ರಷ್. ಹದಿನೆಂಟು ಮುಗಿಸಿದ್ದೇನೆ. ಅಮ್ಮನದು ಉಳಿದಿದೆ.

ಚಳಿಗಾಲವೆಲ್ಲ ಅಡುಗೆಮನೆ ಕಿಟಕಿಯಿಂದ ಅವಳ ಬೆನ್ನು ಕಾಣುತ್ತದೆ. ಬೋಳು ಮರಗಳ ನಡುವೆ, ಕಳೆ ಕಿತ್ತು ಸಾಕಾಗಿ ಸೊಂಟ ನೆಟ್ಟಗೆ ಮಾಡಿ ನಿಂತ ಹಾಗೆ. ಮುಖ ಕೊಳದ ಕಡೆ, ಬೆನ್ನು ನಮ್ಮ ಮನೆಯ ಕಡೆ. ಎಲೆ ಬಂದ ಮೇಲೆ ಕಾಣುವುದಿಲ್ಲ. ಕಾಣದಿದ್ದಾಗ ತಿರುಗುತ್ತಾಳೆ.

ಮುದುಕಿಗೆ ಅರಳುಮರಳು ಅಂತ ಕಾಗದ ಮಡಚಿಡಬೇಡ. ಪ್ರತಿ ವರ್ಷ ಹೀಗೆಯೇ. ಚಳಿಗಾಲದಲ್ಲಿ ಕೂದಲೆಳೆಯಷ್ಟೂ ಕದಲುವುದಿಲ್ಲ. ಎಲೆ ಮುಚ್ಚಿ ಹದಿನೈದು ದಿನಕ್ಕೆ ಹೋಗಿ ನೋಡಿದರೆ ನಾಲ್ಕು ಬೆರಳಿನಷ್ಟು ಎಡಕ್ಕೆ ತಿರುಗಿರುತ್ತಾಳೆ. ನಾನೂ ಮೇಸ್ತ್ರಿಯೂ ಹಾರೆಗೆ ಗೋಣಿ ಸುತ್ತಿ, ಜನ ಬರುವುದರೊಳಗೆ ಮೊದಲಿದ್ದ ಹಾಗೆ ತಿರುಗಿಸಿ ಬರುತ್ತೇವೆ. ಎಂಟು ವರ್ಷ ಹಾಗೇ ನಡೆಯಿತು. ಯಾರಿಗೂ ಹೇಳಲಿಲ್ಲ.

ಈ ವರ್ಷ ನಾಲ್ಕು ಬೆರಳಲ್ಲ. ಎಲೆ ಮುಚ್ಚಿ ವಾರವಾಗಿಲ್ಲ, ಹೆಚ್ಚುಕಡಿಮೆ ಅರ್ಧ ಸುತ್ತು ತಿರುಗಿದ್ದಾಳೆ.

ಮೊನ್ನೆ ಮಂಗಳವಾರ ಒಬ್ಬ ಹೆಂಗಸು ಫೋಟೋ ತೆಗೆಸಿಕೊಳ್ಳಲು ಅವಳ ಭುಜಕ್ಕೆ ಒರಗಿದಳು. ಒರಗಿದವಳೇ ಕಿಟಾರನೆ ಕಿರುಚಿದಳು. ನಾನು ಕಸಬರಿಗೆ ಬಿಟ್ಟು ಓಡಿದೆ. "ಕಲ್ಲು ಅಲ್ಲಾಡ್ತು" ಅಂದಿದ್ದರೆ ನನಗೇನೂ ಅನಿಸುತ್ತಿರಲಿಲ್ಲ. ಅವಳು ಅಂದಿದ್ದು ಬೇರೆ: "ನನ್ನ ತಳ್ಳಿ ಆಚೆ ನೋಡಿದ್ಲು." ನೀರು ಕುಡಿಸಿ ಕಳಿಸಿದೆ. ಅವಳ ಗಂಡ ನನ್ನನ್ನೇ ಏನೋ ಮಾಡಿಬಿಟ್ಟವಳ ಹಾಗೆ ಗುರಾಯಿಸುತ್ತ ಹೋದ.

ಅಷ್ಟು ಸಾಕಾಯಿತು ಸೀಟಿಗೆ. ಸೀಟಿ ಅಂದರೆ ನಮ್ಮ ಹೊಸ ಮ್ಯಾನೇಜರಮ್ಮ. ಕುತ್ತಿಗೆಯಲ್ಲಿ ಸೀಟಿ ಕಟ್ಟಿಕೊಂಡಿರುತ್ತಾಳೆ, ಶಿಲ್ಪದ ಮೇಲೆ ಯಾರಾದರೂ ಕಾಲಿಟ್ಟರೆ ಊದುತ್ತಾಳೆ, ಗುಬ್ಬಿ ಕೂತರೂ ಊದುವಂಥವಳು. ಮಗಳ ವಯಸ್ಸಿನವಳು, ಕೆಟ್ಟವಳಲ್ಲ. "ನೋಡಿ ಅಮ್ಮ, ಇದು ನಡೆಯಲ್ಲ. ಯಾರ ಮೇಲಾದ್ರೂ ಬಿದ್ರೆ ನಾನೂ ಇಲ್ಲ, ನೀವೂ ಇಲ್ಲ. ಸೋಮವಾರ ಕ್ರೇನ್ ತರಿಸ್ತೀನಿ. ಮೇಲಕ್ಕೆತ್ತಿ, ಎರಡು ಸ್ಟೀಲ್ ಗೂಟ ಹಾಕಿ, ಗಾರೆ ಸುರಿದು ಭದ್ರ ಮಾಡಿಬಿಡೋಣ. ಕೊಳದ ಕಡೆಗೇ." ನಿನಗೂ ಬರೆದು ಒಪ್ಪಿಗೆ ಕೇಳಿದಳಂತೆ. ನೀನು "ನಿಮ್ಮಿಷ್ಟ" ಅಂತ ಒಂದೇ ಮಾತು ಬರೆದೆಯಂತೆ. ಭೇಷ್. ಹೆತ್ತವಳ ಕಲ್ಲಿಗೆ ಅಷ್ಟು ಸಾಕು.

ಸಿಟ್ಟು ಬಂತು ನೋಡು. ಇವತ್ತಿಗೆ ಇಷ್ಟೇ. ಬೆನ್ನು ನೋಯುತ್ತಿದೆ.

ಶುಕ್ರವಾರ, ಮಧ್ಯಾಹ್ನ

ನಿನ್ನೆ ಬರೆದಿದ್ದನ್ನು ಓದಿದೆ. ಒರಟಾಯಿತು. ಹರಿಯುವುದಿಲ್ಲ, ಹರಿದರೆ ಮತ್ತೆ ಬರೆಯುವುದಿಲ್ಲ.

ಬೆಳಿಗ್ಗೆ ಮೇಸ್ತ್ರಿಯನ್ನು ಕರೆದುಕೊಂಡು ಅವಳ ಹತ್ತಿರ ಹೋದೆ. ತಿರುಗಿಸಿ ಸರಿಯಾಗಿ ನಿಲ್ಲಿಸಿದರೆ ಸೀಟಿ ಕ್ರೇನಿನ ಯೋಚನೆ ಬಿಟ್ಟಾಳು ಅಂತ ಆಸೆ. ಮೇಸ್ತ್ರಿಗೆ ಎಪ್ಪತ್ತಾಯಿತು, ಇನ್ನೂ ನನಗಿಂತ ಗಟ್ಟಿ. ಅಮ್ಮ ಈ ತೋಟದಲ್ಲಿ ಮೂವತ್ತು ವರ್ಷ ಕಳೆ ಕಿತ್ತಾಗ ಅವಳ ಜೊತೆ ಜಗಳವಾಡಿಕೊಂಡೇ ಕೆಲಸ ಮಾಡಿದವನು.

ಅವಳ ಸುತ್ತಲಿನ ಜರೀಗಿಡ ಮೊಣಕಾಲೆತ್ತರಕ್ಕೆ ಬಂದಿದೆ. ಪೀಠದ ಎಡಗಡೆ ಮಾತ್ರ ಅರ್ಧ ಚಂದ್ರದ ಹಾಗೆ ಮಲಗಿಬಿಟ್ಟಿದೆ, ಯಾರೋ ಸೆರಗು ಎಳೆದುಕೊಂಡು ಹೋದ ಹಾಗೆ. ಮೇಲೆ ಹಕ್ಕಿ ಕೂತ ಗುರುತಿಲ್ಲ. ಪಕ್ಕದ ಕಂಚಿನ ಜಿಂಕೆಯ ಬೆನ್ನು ಹಿಕ್ಕೆಯಿಂದ ಬೆಳ್ಳಗಾಗಿದೆ, ಇವಳ ತಲೆಯ ಮೇಲೆ ಒಂದು ಚುಕ್ಕೆ ಇಲ್ಲ. ಬೆನ್ನಿನ ಪಾಚಿ ಈಗ ಬಿಸಿಲಿಗೆ ಬಂದು ಒಣಗಿ ಉದುರುತ್ತಿದೆ.

ಹಾರೆ ಹಾಕಿದೆವು. ಕದಲಲಿಲ್ಲ. ನಾನು ಹಾರೆಯ ಮೇಲೆ ಮೈಭಾರ ಬಿಟ್ಟು ತೂಗಿದೆ, ಮೇಸ್ತ್ರಿ ಭುಜ ಕೊಟ್ಟ. ಬಲಕ್ಕೆ ಎಳ್ಳಷ್ಟೂ ಇಲ್ಲ. ಹಾರೆ ತೆಗೆದೆವು. ತೆಗೆದ ಕೂಡಲೇ ಕಲ್ಲಿನ ಮೇಲೆ ಕಲ್ಲು ಉಜ್ಜಿದ ಸದ್ದು ಬಂತು, ಬೀಸುವಾಗ ಬರುತ್ತದಲ್ಲ, ಹಾಗೆ. ಒಂದೇ ಸಲ. ಎಡಕ್ಕೆ.

ಮೇಸ್ತ್ರಿ ಹಣೆ ಒರೆಸಿಕೊಂಡು, "ನಿಮ್ಮಮ್ಮ ಬದುಕಿದ್ದಾಗ್ಲೂ ಹೇಳಿದ ಕಡೆ ನಿಂತೋಳಲ್ಲ" ಅಂದ. ನಗಬೇಕು ಅಂತಲೇ ಅಂದ. ನಾನೂ ನಕ್ಕೆ.

ಅವನು ಬಗ್ಗಿ ಪೀಠದ ಸಂದನ್ನು ನೋಡಿದ. ಅಲ್ಲಿಂದ ಕಂದು ನೀರು ಒಸರಿದ ಗುರುತಿತ್ತು. ಬೆರಳಲ್ಲಿ ಮುಟ್ಟಿ ನಾಲಿಗೆಗೆ ಹಚ್ಚಿ ನೋಡಿದ.

"ತುಕ್ಕು. ಒಳಗೆ ಕಬ್ಬಿಣ ಐತೆ."

ನಾನು ಹಾರೆಗೆ ಸುತ್ತಿದ್ದ ಗೋಣಿ ಬಿಚ್ಚಿ ಮಡಚತೊಡಗಿದೆ.

"ಯಾವ ಮುಠ್ಠಾಳ ಕಣಮ್ಮ ಕಲ್ಲಿನೊಳಗೆ ಕಬ್ಬಿಣ ಇಟ್ಟಿದ್ದು? ತುಕ್ಕು ಹಿಡಿದ್ರೆ ಉಬ್ಬುತ್ತೆ, ಉಬ್ಬಿದ್ರೆ ಕಲ್ಲನ್ನೇ ಎತ್ತಿ ಹಾಕುತ್ತೆ. ಕೆಲಸಕ್ಕೆ ಸೇರಿದ ಮೊದಲನೇ ದಿನ ಹೇಳ್ಕೊಡೋ ಪಾಠ. ಇದನ್ನ ಕೂರ್ಸಿದ್ದು ನೀನಲ್ವಾ?"

"ನಾನೇ" ಅಂದೆ.

"ಎಂಟು ವರ್ಷ ಕೇಳ್ಲಿಲ್ಲ, ಈಗ ಕೇಳ್ತೀನಿ. ಎರಡು ಹಿತ್ತಾಳೆ ಗೂಟ ಹಾಕಿದ್ಯೋ ಇಲ್ವೋ?"

"ಒಂದು ಹಾಕಿದ್ದೆ."

ಅವನು ನನ್ನ ಮುಖ ನೋಡಿದ. ನಲವತ್ತು ವರ್ಷ ಜೊತೆಗೆ ಕೆಲಸ ಮಾಡಿದವನು. ಒಂದೇ ಗೂಟದ ಮೇಲೆ ಕಲ್ಲು ಬಾಗಿಲಿನ ಹಾಗೆ ತಿರುಗುತ್ತದೆ, ಎರಡು ಹಾಕಿದರೆ ಎಲ್ಲಿಗೂ ಹೋಗುವುದಿಲ್ಲ, ಇದು ಈ ಕೆಲಸದಲ್ಲಿ ಯಾರಿಗೂ ಹೇಳಬೇಕಾದ ವಿಷಯವಲ್ಲ. ಮುಂದೆ ಕೇಳಲಿಲ್ಲ, ಪುಣ್ಯಾತ್ಮ. ಹಾರೆ ಹೆಗಲಿಗೆ ಹಾಕಿಕೊಂಡು, "ಸೋಮವಾರ ಎತ್ತಿದಾಗ ಎಲ್ರಿಗೂ ಕಾಣುತ್ತೆ" ಅಂದು ಹೊರಟ. ನಾಲ್ಕು ಹೆಜ್ಜೆ ಹೋಗಿ ತಿರುಗಿ ಬಂದ.

"ಅದು ಹೋಗ್ಲಿ. ಇದೇನು?"

ಅವಳ ಬಲಗೈ ತೋರಿಸಿದ. ನೀನು ಅದನ್ನು ಎಷ್ಟು ಚೆನ್ನಾಗಿ ಕೆತ್ತಿದ್ದೀಯ, ಮುಂದಕ್ಕೆ ಚಾಚಿದ ಕೈ, ಬಿಚ್ಚಿದ ಅಂಗೈ, ಏನೋ ಕೊಡುವ ಹಾಗೆ. ಆ ಅಂಗೈಯ ನಡುವೆ ಬೆರಳುದ್ದದ ಒಂದು ಕಂದು ಕಲೆ. ಒಂದು ತುದಿ ಗುಂಡಗೆ.

"ಯಾರೋ ಮೊಳೆ ಇಟ್ಟು ಹೋಗಿರಬೇಕು" ಅಂದೆ.

"ತುಕ್ಕು ಕೆಳಕ್ಕಿಳಿಯುತ್ತೆ. ಮೇಲಕ್ಕೆ ಹತ್ತಲ್ಲ" ಅಂದ ಮೇಸ್ತ್ರಿ. ಆಮೇಲೆ ನಿಲ್ಲಲಿಲ್ಲ.

ಆ ಕಲೆಯೂ ಪ್ರತಿ ವಸಂತದಲ್ಲಿ ಬರುತ್ತದೆ. ಮೊದಲೆಲ್ಲ ಮಬ್ಬಾಗಿ, ಚಹಾ ಚೆಲ್ಲಿದ ಹಾಗಿರುತ್ತಿತ್ತು. ಉಜ್ಜಿದರೆ ಹೋಗುತ್ತಿತ್ತು. ಈ ವರ್ಷ ಅಂಚು ಸ್ಪಷ್ಟವಾಗಿದೆ.

ಶನಿವಾರ, ಮಧ್ಯಾಹ್ನ

ಈ ಕಾಗದ ಇವತ್ತು ಸಂಜೆಯೊಳಗೆ ಮುಗಿಯಬೇಕು. ಮೇಸ್ತ್ರಿಯ ಮಗಳು ನಿನ್ನ ಊರಿನಲ್ಲಿ ನರ್ಸು, ಸಂಜೆ ಬಸ್ಸಿಗೆ ಹೊರಡುತ್ತಾಳೆ. ನಾಳೆ ನಿನ್ನ ಕೈಗೇ ಕೊಡುತ್ತೇನೆ ಅಂದಿದ್ದಾಳೆ. ಅವಳಿಗೆ ಒಂದು ಲೋಟ ಚಹಾ ಕೊಡು, ಬಾಗಿಲಲ್ಲೇ ನಿಲ್ಲಿಸಿ ಕಳಿಸಬೇಡ.

ಬೆಳಿಗ್ಗೆ ಒಬ್ಬಳೇ ಹೋದೆ. ಸೋಮವಾರ ಎತ್ತುವ ಮುಂಚೆ ಅಂಗೈಯನ್ನಾದರೂ ತೊಳೆದುಬಿಡೋಣ ಅಂತ. ಬಕೆಟನ್ನು ಅವಳ ಕೈಯ ಸರಿಯಾಗಿ ಕೆಳಗಿಟ್ಟೆ, ಕೊಳೆ ನೀರು ಜರೀಗಿಡಕ್ಕೆ ಬೀಳಬಾರದು ಅಂತ. ಉಜ್ಜಿದೆ. ನೀರು ಬೆರಳ ತುದಿಯಿಂದ ಬಕೆಟಿಗೆ ತೊಟ್ಟಿಕ್ಕುತ್ತಿತ್ತು, ಟಪ್ ಟಪ್ ಅಂತ ಕೇಳಿಸುತ್ತಿತ್ತು, ಈ ಮಂದ ಕಿವಿಗೂ. ಕಲೆ ಹೋಗಲಿಲ್ಲ. ಬ್ರಷ್ ತೊಳೆಯಲು ಕೊಳಕ್ಕೆ ಹೋದೆ. ಹೋಗಿ ಬರಲು ಎಷ್ಟು ಹೊತ್ತು, ಒಂದು ಲೋಟ ನೀರು ಕುಡಿಯುವಷ್ಟು. ವಾಪಸು ಬರುವಾಗ ಟಪ್ ಟಪ್ ಇರಲಿಲ್ಲ. ನೀರು ಇನ್ನೂ ತೊಟ್ಟಿಕ್ಕುತ್ತಲೇ ಇತ್ತು, ಮೊಂಡ. ಬಕೆಟಿಗಲ್ಲ. ಬಕೆಟಿನ ಎಡಗಡೆ, ಒಂದು ಗೇಣು ದೂರ, ಮಣ್ಣಿಗೆ.

ಗಾಳಿ ಇರಲಿಲ್ಲ. ಒಂದು ಎಲೆ ಅಲ್ಲಾಡುತ್ತಿರಲಿಲ್ಲ.

ನಾನು ಓಡಲಿಲ್ಲ. ಓಡುವ ಸೊಂಟವಲ್ಲ ಇದು. ಬೈದೆ. "ಸಾಕು ಮಾಡಮ್ಮ! ಇದ್ದಾಗ್ಲೂ ನನ್ನ ಜೀವ ತಿಂದೆ, ಈಗ್ಲೂ ತಿನ್ಬೇಡ!" ಅಂತ ಕೂಗಿದೆ. ಕೂಗಿದ ಮೇಲೆ ಅವಳ ಮುಖ ನೋಡಿದೆ. ಒಂಬತ್ತು ವರ್ಷದಲ್ಲಿ ಆ ಮುಖವನ್ನು ನೆಟ್ಟಗೆ ನೋಡಿದ್ದು ಅದೇ ಮೊದಲು. ತೊಳೆಯುವಾಗಲೂ ಹಿಂದೆ ನಿಂತೇ ತೊಳೆಯುತ್ತಿದ್ದೆ. ನೀನು ಅವಳಿಗೆ ಸಿಟ್ಟಿನ ಮುಖ ಕೊಟ್ಟಿಲ್ಲ. ಯಾರೋ ಬರುತ್ತಾರೆ ಅಂತ ಹುಬ್ಬಿನ ಮೇಲೆ ಕೈಯಿಟ್ಟು ಬಿಸಿಲು ತಡೆದುಕೊಂಡು ನೋಡುತ್ತಿದ್ದಳಲ್ಲ, ಶಾಲೆಯಿಂದ ನೀನು ತಡವಾದಾಗ, ಆ ಮುಖ. ಅವಳು ಈಗ ನೋಡುತ್ತಿರುವ ಕಡೆಗೆ ನಾನೂ ತಿರುಗಿ ನೋಡಿದೆ. ಮರಗಳ ನಡುವೆ ಒಂದೇ ಒಂದು ಸಂದಿಯಲ್ಲಿ ಎಲೆ ಬಂದಿಲ್ಲ. ಆ ಸಂದಿಯಲ್ಲಿ ನಮ್ಮ ಮನೆ ಗೇಟು ಕಾಣುತ್ತದೆ. ನೀನು ಪೆಟ್ಟಿಗೆ ಹೊತ್ತುಕೊಂಡು ಹೋದ ಗೇಟು.

ಈಗ ಒಂದು ತಪ್ಪು ಒಪ್ಪಿಕೊಳ್ಳುತ್ತೇನೆ. ನೀನು ಲಾರಿಯ ಜೊತೆ ಒಂದು ಚಿತ್ರ ಕಳಿಸಿದ್ದೆ. ಎರಡು ಗೂಟದ ಗುರುತು, ಮುಖ ಯಾವ ಕಡೆ ಅಂತ ಒಂದು ಬಾಣ. ಬಾಣ ಇದ್ದದ್ದು ಗೇಟಿನ ಕಡೆಗೆ. ನಾನು ಅವಳನ್ನು ಕೊಳದ ಕಡೆ ತಿರುಗಿಸಿ ನಿಲ್ಲಿಸಿದೆ, ಎಲ್ಲರಿಗೂ ಚಿತ್ರದಲ್ಲಿ ಹಾಗೇ ಇದೆ ಅಂದೆ. ದಿನಾ ಕಿಟಕಿಯಿಂದ ಅವಳ ಮುಖ ನೋಡುತ್ತ ಪಾತ್ರೆ ತೊಳೆಯುವುದು ನನ್ನ ಕೈಲಾಗುತ್ತಿರಲಿಲ್ಲ. ಯಾಕೆ ಅಂತ ಕೆಳಗೆ ಬರೆಯುತ್ತೇನೆ.

ಚಿತ್ರ ಇನ್ನೂ ನನ್ನ ಟ್ರಂಕಿನಲ್ಲಿದೆ. ಇವತ್ತು ತೆಗೆದುಕೊಂಡು ಹೋಗಿ ಸೀಟಿಯ ಮೇಜಿನ ಮೇಲೆ ಇಟ್ಟೆ. ಅವಳು ಬಾಣ ನೋಡಿದಳು, ನನ್ನನ್ನು ನೋಡಿದಳು. "ಒಂಬತ್ತು ವರ್ಷ ಉಲ್ಟಾ ನಿಂತಿತ್ತಾ ಅಮ್ಮ ಇದು?" ಅಂದಳು. "ಉಲ್ಟಾ ನಿಂತಿದ್ದು ನಾನು" ಅಂದೆ. ಸೀಟಿ ಊದುತ್ತಾಳೆ ಅಂದುಕೊಂಡೆ. ಊದಲಿಲ್ಲ. ಕುರ್ಚಿ ಎಳೆದು ಕೂರಿಸಿದಳು. ಗೇಟಿನ ಕಡೆಗೇ ಭದ್ರ ಮಾಡಿಸುತ್ತಾಳಂತೆ. ಆದರೆ ಎತ್ತಲೇಬೇಕು ಅಂದಳು. ಎತ್ತಲಿ.

ಬೇರೆ ಸಮಾಚಾರ ಅಂದರೆ ಕೊಳದ ಹತ್ತಿರದ ದೊಡ್ಡ ಮರ ಈ ಸಲವೂ ಚಿಗುರಿದೆ, ನೀನು ಬಿದ್ದು ಮೊಣಕೈ ಮುರಿದುಕೊಂಡ ಮರ. ನಿನ್ನ ಕೈ ಬೇಗ ಸರಿಹೋಗಲಿ. ನಡುಗುವ ಕೈಯನ್ನು ಯಾರಿಂದಲೂ ಮುಚ್ಚಿಡಬೇಡ, ಮುಚ್ಚಿಟ್ಟದ್ದು ಉಬ್ಬುತ್ತದೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ನೂರು ವರ್ಷ ಬಾಳು, ನನ್ನ ಆಯಸ್ಸಿನಲ್ಲಿ ಉಳಿದದ್ದೂ ನಿನಗೇ ಸೇರಲಿ.

ನಿನ್ನ
ಅಕ್ಕ

ಅಡಿಯಲ್ಲಿ ಇನ್ನೊಂದು:

ಮರೆತಿದ್ದೆ ಅಂತ ಬರೆಯೋಣ ಅಂದುಕೊಂಡೆ. ಮರೆತಿರಲಿಲ್ಲ. ಇದನ್ನು ಬರೆಯುವುದಕ್ಕೇ ಮೂರು ದಿನ ಸುತ್ತಿ ಬಳಸಿ ಬಂದೆ.

ಅಮ್ಮ ನಿನ್ನನ್ನು ಕೇಳಿದಳು. ಕೊನೆಯ ಹನ್ನೊಂದು ದಿನ ಬೇರೇನೂ ಕೇಳಲಿಲ್ಲ. "ಮೊಂಡ ಬಂದ್ನಾ?" ಮೈ ಒರೆಸುವಾಗಲೂ ಅದೇ, ಗಂಜಿ ಕುಡಿಸುವಾಗಲೂ ಅದೇ. ನೀನು ಜಗಳವಾಡಿ ಹೊರಟ ದಿನ ಮನೆ ಬೀಗದ ಕೈಯನ್ನು ಮೇಜಿನ ಮೇಲೆ ಬಿಸಾಕಿ ಹೋದೆಯಲ್ಲ, ಆ ಕಬ್ಬಿಣದ ಕೈಯನ್ನು ಅವಳು ಬಲ ಅಂಗೈಯಲ್ಲಿ ಹಿಡಿದುಕೊಂಡೇ ಮಲಗಿದ್ದಳು. "ಅವನಿಗೆ ಕೊಡು. ಬೀಗ ಬದಲಾಯ್ಸಿಲ್ಲ ಅಂತ ಹೇಳು." ಏಳು ತಿಂಗಳು ಹೇಲು ಉಚ್ಚೆ ಬಾಚಿದವಳು ನಾನು. ಕೂಗಿದ್ದು ನಿನ್ನನ್ನು. ನೀನು ಫೋನ್ ಮಾಡಿ "ಹೊರಡ್ಲಾ ಅಕ್ಕಾ?" ಅಂದಾಗ ಅವಳು ಒಳಗಿಂದ ನಿನ್ನನ್ನೇ ಕರೆಯುತ್ತಿದ್ದಳು. ನಾನು ಹೋಗಿ ಕೋಣೆಯ ಬಾಗಿಲು ಮುಚ್ಚಿ ಬಂದು, "ಅವಳು ನಿನ್ನ ಹೆಸರೇ ಎತ್ತಿಲ್ಲ, ಬರೋದು ಬೇಡ ಅಂದಿದಾಳೆ" ಅಂದೆ. ಫೋನಿನಲ್ಲಿ ಹೇಳಿದ ಸುಳ್ಳು ಅದು, ಅದೇ ಫೋನಿನಲ್ಲಿ ನಿಜ ಹೇಳಲು ನಾಲಿಗೆ ಏಳಲಿಲ್ಲ, ಒಂಬತ್ತು ವರ್ಷ.

ಅವಳು ಹೋದ ಮೇಲೆ ಬೆರಳು ಬಿಡಿಸಿ ಅದನ್ನು ತೆಗೆದೆ. ಅಂಗೈಯಲ್ಲಿ ಅಚ್ಚು ಬಿದ್ದಿತ್ತು, ಮೇಲೆ ಒಂದು ಉಂಗುರ, ಕೆಳಗೆ ಎರಡು ಹಲ್ಲು. ಅದನ್ನು ನೋಡಿದವಳು ನಾನೊಬ್ಬಳೇ. ಯಾರಿಗೂ ಹೇಳಿಲ್ಲ, ನಿನಗೆ ಗೊತ್ತಿರುವ ಸಂಭವವೇ ಇಲ್ಲ. ನಾಲ್ಕು ತಿಂಗಳಿಗೆ ಕಲ್ಲು ಬಂತು. ನೀನು ಬರಲಿಲ್ಲ. ಎರಡನೇ ಗೂಟದ ಕುಳಿಗೆ ಆ ಬೀಗದ ಕೈಯನ್ನು ಬಟ್ಟೆಯಲ್ಲಿ ಸುತ್ತಿ ಹಾಕಿ, ಅವಳನ್ನು ಮೇಲೆ ನಿಲ್ಲಿಸಿದೆ. ನೀವಿಬ್ಬರೂ ಹಾಳಾಗಿಹೋಗಿ ಅಂತ.

ಕಬ್ಬಿಣ ಉಬ್ಬಿತು, ಕಲ್ಲು ಕದಲಿತು, ಅದನ್ನು ನಾನು ಒಪ್ಪುತ್ತೇನೆ. ಆದರೆ ಇವತ್ತು ಉಜ್ಜಿ ಉಜ್ಜಿ ಅಂಗೈಯ ಕೊಳೆಯೆಲ್ಲ ಹೋದ ಮೇಲೆ ಆ ಕಲೆ ಪೂರ್ತಿ ಕಾಣಿಸಿತು. ಮೇಲೆ ಉಂಗುರ. ಕೆಳಗೆ ಎರಡು ಹಲ್ಲು.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಎತ್ತುತ್ತಾರೆ. ಆ ಕುಳಿಗೆ ನಾನು ಕೈ ಹಾಕುವುದಿಲ್ಲ, ಯಾರಿಗೂ ಹಾಕಲು ಬಿಡುವುದಿಲ್ಲ. ನೀನು ಬಂದು ನನ್ನ ಮುಖ ನೋಡಬೇಕಾಗಿಲ್ಲ, ಮಾತಾಡಿಸಬೇಕಾಗಿಲ್ಲ. ಕೈ ನಡುಗಿದರೆ ನಡುಗಲಿ, ನೀನೇ ತೆಗೆದುಕೊ.

ಬೀಗ ಇನ್ನೂ ಬದಲಾಯಿಸಿಲ್ಲ.